ಕೆರೆ ನೋಡಕ್ಕೆ ಹೋಗಿದ್ದ ಭಾನುವಾರ

...ಇರ್ಲಿ, ದೀಪ ಆಮೇಲೆ ಹಾಕಿದ್ರಾಯ್ತು. ಇನ್ನೂ ಬೆಳಕಿದೆ. ನೀನು ಕೂತ್ಕೋ ಅಕ್ಕಾ. ಚರ್ಚ್‌ಗೇಟಿಂದ ಅಂಧೇರಿವರೆಗೂ ಲೋಕಲ್‌ನಲ್ಲಿ ನಿಂತ್ಕೊಂಡೇ ಬಂದಿರ್ತೀಯ. ಕಾಫಿ ಅಲ್ಲೇ ಇದೆ, ಬಿಸಿ ಇದ್ದಾಗ್ಲೇ ಕುಡಿ. ನಿಮ್ಮತ್ತೆಗೆ ಗಂಜಿ ಕುಡಿಸಿದ್ದಾಯ್ತು, ಬಟ್ಟೆ ಬದಲಾಯ್ಸಿದ್ದಾಯ್ತು, ಒಳಗೆ ಮಲಗಿದಾರೆ. ಕಿಟ್ಟು ಕೆಳಗೆ ಕ್ರಿಕೆಟ್ಟು. ಭಾವ ಬರೋದು ಹೇಗೂ ಹೊತ್ತಾಗತ್ತೆ. ಮಾತಾಡಕ್ಕೆ ಇರೋದು ನಾವಿಬ್ರೇ.

ಹ್ಞಾ, ಆ ಬ್ಯಾಗು. ಬಂದಾಗಿಂದ ಅದನ್ನೇ ನೋಡ್ತಿದೀಯ ಅಂತ ಗೊತ್ತು. ಹೌದು, ನಂದೇ. ಮೈಸೂರಿಂದ ಬರುವಾಗ ತಂದಿದ್ದೆನಲ್ಲ, ಅದೇ. ಅಟ್ಟದಿಂದ ಇಳಿಸಿ ಒರೆಸಿ ಸೀರೆ ತುಂಬಿದೀನಿ. ಯಾಕೆ ಅಂತ ಹೇಳ್ತೀನಿ, ಅದಕ್ಕೇ ಕೂತ್ಕೋ ಅಂದಿದ್ದು. ನೋಡು, ನಾನು ಇವತ್ತು ಜಗಳ ಆಡಲ್ಲ. ನಂಗೆ ನಿನ್ನ ಬಾಯಿಂದ ಒಂದು ಮಾತು ಬೇಕು. ಒಂದೇ ಒಂದು. ಅದು ಬಂತೋ, ಈ ಬ್ಯಾಗು ವಾಪಸ್ಸು ಅಟ್ಟಕ್ಕೆ ಹೋಗತ್ತೆ, ನಾನು ಹೋಗಿ ಕುಕ್ಕರ್ ಇಡ್ತೀನಿ. ಬರಲಿಲ್ವೋ, ನಾನು ಹೊರಟೆ.

ಯಾವ ಮಾತು ಅಂತ ಹುಬ್ಬು ಹಾರಿಸ್ತಿದೀಯಾ? ಇರು, ಸ್ವಲ್ಪ ಹಿಂದಿಂದ ಬರ್ತೀನಿ.

ಝರಿತಳೆ ನೆನಪಿದೆಯಾ? ಅದೇ, ಗುಜರಾತ್ ಗಡಿ ಹತ್ರ, ದೊಡ್ಡ ಕೆರೆ ಇರೋ ಊರು... ಯಾಕೆ ಹಾಗೆ ಬೆಚ್ಚಿದೆ? ಕಾಫಿ ಚೆಲ್ತು ನೋಡು. ಬಿಡು, ನಾನು ಒರೆಸ್ತೀನಿ. ಬೇಡ್ವಾ? ಸರಿ, ನೀನೇ ಒರೆಸು.

ನಾಲ್ಕು ವರ್ಷ ಆಯ್ತಲ್ವಾ. ಭಾವ ಊಟಕ್ಕೆ ಕೂತಾಗ ಅಂದ್ರು, "ಈ ಭಾನುವಾರ ಎಲ್ಲಾ ಪಿಕ್ನಿಕ್ ಹೋಗೋಣ. ನಮ್ಮ ಆಫೀಸಿನ ದೇಶಪಾಂಡೆ ಫಿಯೆಟ್ ಕೊಡ್ತಾನೆ, ಕೆರೆ ದಂಡೆ ಮೇಲೆ ಬಂಗಲೆ ಇದೆ." ನಂಗೆ ಎಷ್ಟು ಖುಷಿ ಆಗಿತ್ತು ಗೊತ್ತಾ? ನಿನ್ನ ಬಾಣಂತನಕ್ಕೆ ಅಂತ ಬಂದೋಳು ನಾನು. ಅಮ್ಮ ಇರ್ಲಿಲ್ಲ, ಇನ್ಯಾರು ಬರ್ತಾರೆ? ಮೂರು ತಿಂಗಳು ಇದ್ದು ಬಾ ಅಂತ ಅಣ್ಣ ರೈಲು ಹತ್ತಿಸಿದ. ಬಾಣಂತನ ಮುಗೀತು, ಕಿಟ್ಟು ಅಂಬೆಗಾಲಿಟ್ಟ, ನಿಂಗೆ ಕೆಲಸ ಸಿಕ್ತು, ಆಮೇಲೆ ನಿಮ್ಮತ್ತೆಗೆ ಲಕ್ವ ಹೊಡೀತು... ನಾನು ಇಲ್ಲೇ ಉಳಿದೆ. ಬೊಂಬಾಯಿ ಅಂದ್ರೆ ನಂಗೆ ನಲ್ಲಿ, ರೇಷನ್ ಕ್ಯೂ, ಯಾವಾಗಲಾದ್ರೂ ದಾದರ್ ಮಾರ್ಕೆಟ್ಟು. ಕಾರಲ್ಲಿ ಕೂತು ಊರು ದಾಟಿ ಹೋಗೋದು ಅಂದ್ರೆ ಹಿಂದಿನ ದಿನ ನಿದ್ದೆನೇ ಬಂದಿರ್ಲಿಲ್ಲ.

ನಿಮ್ಮತ್ತೆನ ಕೆಲಸದ ಗಂಗುಬಾಯಿಗೆ ಒಪ್ಪಿಸಿ ಬೆಳಗಾಗೋಕ್ಕೆ ಮುಂಚೆ ಹೊರಟ್ವಿ. ಮುಂದೆ ಭಾವ, ನೀನು. ಹಿಂದೆ ನಾನು, ಕಿಟ್ಟು, ಕಿಟಕಿ ಪಕ್ಕ ಭಾವನ ತಂಗಿ ಸುಬ್ಬಲಕ್ಷ್ಮಿ. ಪಾಪ, ಸುಬ್ಬು. ಹೊಸ ಸೀರೆ ಉಟ್ಟು, ಮುದುರಿ ಹೋಗತ್ತೆ ಅಂತ ಮರದ ಗೊಂಬೆ ಥರ ಕೂತಿದ್ಲು. ಪಿಕ್ನಿಕ್‌ಗೆ ಯಾಕೆ ಇವಳು ಧರ್ಮಾವರಂ ಉಟ್ಟಿದಾಳೆ ಅಂತ ನಂಗೆ ಹೊಳೀಲೇ ಇಲ್ಲ ನೋಡು, ಎಂಥಾ ಪೆದ್ದಿ ನಾನು. ನಂಗೆ ನೀನು ಹೇಳಿದ್ದೆ, "ಹಳೇದೇ ಯಾವುದಾದ್ರೂ ಉಟ್ಕೊ ವಿಮಲಾ, ಅಲ್ಲಿ ಬರೀ ಧೂಳು." ಉಟ್ಕೊಂಡೆ. ಆ ಕಂದು ಬಣ್ಣದ ವಾಯಿಲ್ ಸೀರೆ.

ದಹಿಸರ್ ನಾಕಾ ದಾಟಿದ ಮೇಲೆ ಭಾವ ಗಾಡಿ ಓಡಿಸಿದ ಚಂದ... ಲಾರಿಯವರೆಲ್ಲ ಹಾರ್ನ್ ಹೊಡೆದು ಬೈದು ಹೋಗ್ತಿದ್ರು, ಭಾವ ಮಾತ್ರ ಎತ್ತಿನ ಗಾಡಿ ಹೊಡೆದ ಹಾಗೆ. ಹಿನ್ನೀರಿನ ಖಾಡಿ ಮೇಲಿನ ಸೇತುವೆ ಬಂದಾಗ ಕಿಟ್ಟು "ಸಮುದ್ರ, ಸಮುದ್ರ" ಅಂತ ಕುಣಿದ. ಮನೋರ್ ದಾಟಿ ತಿರುವುಗಳು ಶುರುವಾದ್ವೋ ಇಲ್ವೋ, ಸುಬ್ಬು ವಾಂತಿ ಮಾಡ್ಕೊಂಡ್ಲು. ಭಾವ ನಿಲ್ಸಿದ್ರು. ನೀನು ಆ ಸೀರೆ ಅಂಚಿಗೆ ನೀರು ಹಾಕಿ ಉಜ್ಜಿದ್ದು ಉಜ್ಜಿದ್ದೇ. ಮತ್ತೆ ಹೊರಟ್ವಿ, ಮತ್ತೆ ವಾಂತಿ.

ನಗು ಬಂತಾ? ಬರತ್ತೆ, ನಂಗೂ ಬರತ್ತೆ. ಊರೊಳಗೆ ಹೋದ್ವಲ್ಲ, ಒಂದೇ ಬೀದಿ, ಅದರ ತುಂಬಾ ಗುಜರಾತ್ ನಂಬರಿನ ಕಾರುಗಳು. "ಅಪ್ಪಾ, ಇಷ್ಟು ಜನ ಇಲ್ಲಿ ಏನು ತಗೊಳ್ತಾರೆ?" ಅಂತ ಕಿಟ್ಟು ಕೇಳ್ದ. ಗಡಿ ಆಚೆ ಹೆಂಡ ಸಿಗಲ್ಲ, ಕುಡಿಯೋರೆಲ್ಲ ಈಚೆ ಬರ್ತಾರೆ ಅಂತ ಮಗುಗೆ ಹೇಳಕ್ಕಾಗತ್ತಾ? ಭಾವ ಗಂಭೀರವಾಗಿ "ಔಷಧಿ" ಅಂದ್ರು. ಆ ಬೀದಿ ದಾಟಿ ಒಂದು ತಿರುವು ತಿರುಗಿದ್ರೆ ಅಷ್ಟೇ, ಸದ್ದೇ ಇಲ್ಲ. ಕೆರೆ. ಆಚೆ ದಡ ಗುಜರಾತು, ಈಚೆ ನಾವು. ಒಬ್ಬ ಮುದುಕ ಎಮ್ಮೆ ತೊಳೀತಿದ್ದ. ಅಷ್ಟು ನೀರನ್ನ ಒಟ್ಟಿಗೆ ನೋಡಿ ಎಷ್ಟು ವರ್ಷ ಆಗಿತ್ತೋ, ನಂಗೆ ಸುಮ್ಮನೆ ಅಳು ಬಂತು. ನೀನು ನೋಡ್ಲಿಲ್ಲ, ಡಿಕ್ಕಿಯಿಂದ ಸಾಮಾನು ಇಳಿಸ್ತಿದ್ದೆ.

ಸಾಮಾನು ಅಂದ್ರೆ ಏನು ಸಾಮಾನು. ಸ್ಟವ್ವು, ರವೆ, ಸಕ್ಕರೆ, ತುಪ್ಪದ ಡಬ್ಬಿ, ಗೋಡಂಬಿ. ಪಿಕ್ನಿಕ್‌ಗೆ ಯಾರಾದ್ರೂ ಹೀಗೆ ಕಟ್ಕೊಂಡು ಬರ್ತಾರಾ ಅಂದಿದ್ದಕ್ಕೆ ನೀನು, "ನಿಮ್ಮ ಭಾವನ ಸ್ನೇಹಿತರು ಯಾರೋ ಮಧ್ಯಾಹ್ನ ಬರಬಹುದು, ಸ್ವಲ್ಪ ಕೇಸರಿಬಾತು ಮಾಡಿಡು" ಅಂದೆ. ಮಾಡಿಟ್ಟೆ. ಸುಬ್ಬು ಒಳಗೆ ಹಣೆ ಮೇಲೆ ಒದ್ದೆ ಬಟ್ಟೆ ಹಾಕ್ಕೊಂಡು ಮಲಗಿದ್ಲು. ನೀನೂ ಭಾವನೂ ಕಿಟ್ಟುನ ಕರ್ಕೊಂಡು ವೀಳ್ಯದೆಲೆ, ಮಲ್ಲಿಗೆ ಹೂವು ಸಿಗತ್ತಾ ನೋಡ್ತೀವಿ ಅಂತ ಪೇಟೆಗೆ ಹೋದ್ರಿ. ನನ್ನ ಮಾತ್ರ ಒಲೆ ಹತ್ರ ಬಿಟ್ಟು.

ಮಧ್ಯಾಹ್ನ ಬರಬೇಕಾದೋರು ಬೆಳಗ್ಗೇನೇ ಬಂದ್ಬಿಟ್ರು.

ಒಬ್ರು ವಯಸ್ಸಾದ ತಾಯಿ, ಜೊತೆಗೆ ಮಗ. ಬಂದೋರಿಗೆ ನಾನೇನು ಮಾಡ್ಲಿ? ಕೂತ್ಕೊಳ್ಳಿ ಅಂದೆ. ಕೈತೊಳೆದು, ಸೆರಗು ಸರಿ ಮಾಡ್ಕೊಂಡು, ತಟ್ಟೇಲಿ ಕೇಸರಿಬಾತು, ಲೋಟದಲ್ಲಿ ಕಾಫಿ ತಂದುಕೊಟ್ಟೆ. ನಮ್ಮ ಕಡೆ ಹುಡುಗಿ ನೋಡೋಕೆ ಬಂದಾಗ ತಟ್ಟೆ ತರೋಳು ಯಾರು ಅಕ್ಕಾ? ಹೇಳು. ಅವರಿಗೇನು ಗೊತ್ತು ನಾನು ಅಡಿಗೆಗೆ ಬಂದೋಳು ಅಂತ. ನಂಗೇನು ಗೊತ್ತು ಅವರು ಹೆಣ್ಣು ನೋಡಕ್ಕೆ ಬಂದೋರು ಅಂತ. ಆ ತಾಯಿ ಪಕ್ಕದಲ್ಲಿ ಕೂರಿಸ್ಕೊಂಡು, "ಹಾಡು ಬರತ್ತಾ ಮಗು?" ಅಂದ್ರು. ಒಂದು ದೇವರನಾಮ ಹಾಡಿದೆ. ಎಷ್ಟು ಚೆನ್ನಾಗಿ ಮಾತಾಡಿಸ್ತಾರೆ ಈ ಭಾವನ ಸ್ನೇಹಿತರ ಅಮ್ಮ ಅಂತ ನಂಗೆ ಖುಷಿ.

ಆಮೇಲೆ ಅವರೇ "ಶಾಮಣ್ಣ, ಕೆರೆ ತನಕ ಹೋಗಿ ಬನ್ನಿ ಇಬ್ರೂ" ಅಂದ್ರು. ಹೋದ್ವಿ. ಅವರು ವಾಪಿಯ ಕಾರ್ಖಾನೇಲಿ ಎಂಜಿನಿಯರಂತೆ, ಗಡಿ ಆಚೆ ಅರ್ಧ ಗಂಟೆ ದಾರಿಯಂತೆ. ನೀರಿಗೆ ಒಂದು ಕಲ್ಲು ಎಸೆದು ಕೇಳಿದ್ರು, "ನಿಮಗೆ ಬೊಂಬಾಯಿ ಬಿಟ್ಟು ಇಂಥಾ ಕಡೆ ಇರೋಕೆ ಆಗತ್ತಾ?" ನಾನು ಅಂದೆ, "ಯಾಕಾಗಲ್ಲ, ಇಲ್ಲಿ ನಲ್ಲಿಗೆ ಕ್ಯೂ ಇಲ್ವಲ್ಲ." ಅವರು ತುಂಬಾ ನಕ್ರು. ಯಾರಿಗೋ ಈ ಕಡೆ ಮನೆ ಹುಡುಕ್ತಿರಬೇಕು ಅಂತ ಅಂದ್ಕೊಂಡೆ. ನನ್ನ ಜನ್ಮದಲ್ಲಿ ಒಬ್ಬ ಗಂಡಸು ನನ್ನ ಕೇಳಿದ್ದು ಅದೊಂದೇ ಸಲ ಅಕ್ಕಾ. ಅದು ಕೇಳಿದ್ದು ಅಂತಾನೂ ನಂಗೆ ಗೊತ್ತಾಗ್ಲಿಲ್ಲ.

ನೀನು ಹೂವು ಹಿಡ್ಕೊಂಡು ಬಂದಾಗ ಆ ತಾಯಿ ನನ್ನ ಕೈ ಹಿಡ್ಕೊಂಡು ಕೂತಿದ್ರು. ಆಗ ನಿನ್ನ ಮುಖ ಈಗ ಇದೆಯಲ್ಲ, ಹೀಗೇ ಇತ್ತು. ಗಡಿಬಿಡಿಯಲ್ಲಿ ಸುಬ್ಬುನ ಎಬ್ಬಿಸಿ, ಮಲ್ಲಿಗೆ ಮುಡಿಸಿ ತಂದು ಕೂರಿಸ್ದೆ. ಆ ತಾಯಿ, "ಇವಳು ತಂಗಿನಾ? ಮುದ್ದಾಗಿದಾಳೆ" ಅಂದ್ರು. ಆಗ್ಲೇ ನಂಗೆ ಹೊಳೆದಿದ್ದು, ಇದು ಪಿಕ್ನಿಕ್ ಅಲ್ಲ, ಸುಬ್ಬುನ ತೋರಿಸೋಕೆ ಬಂದಿದ್ದು ಅಂತ. ಕೋಪ ಬರಬೇಕಿತ್ತು. ಬರ್ಲಿಲ್ಲ. ಮನೇಲಿರೋ ದೊಡ್ಡೋಳಿಗೆ ಮದುವೆ ಆಗಿಲ್ಲ ಅಂತ ಕಂಡ್ರೆ ಬಂದೋರು ನೂರು ಪ್ರಶ್ನೆ ಕೇಳ್ತಾರೆ, ಅದಕ್ಕೇ ನಂಗೆ ಹೇಳಿಲ್ಲ ಅಂತ ನಾನೇ ನಿನ್ನ ಪರವಾಗಿ ವಾದ ಮಾಡ್ಕೊಂಡೆ. ವಾರ ಆದ ಮೇಲೆ ನೀನು ಅಂದೆ, "ಜಾತಕ ಕೂಡಿ ಬರ್ಲಿಲ್ಲ, ಬೇಡ ಅಂದ್ರಂತೆ." ಅಯ್ಯೋ, ನನ್ನ ಕೇಸರಿಬಾತಿಂದ ಸುಬ್ಬು ಸಂಬಂಧ ತಪ್ಪೋಯ್ತಲ್ಲ ಅಂತ ನಾನು ಅತ್ತಿದ್ದೀನಿ, ಗೊತ್ತಾ? ಅವಳ ಮದುವೆ ನಾಗಪುರದಲ್ಲಿ ಆಗೋವರೆಗೂ ಅವಳ ಮುಖ ನೋಡಕ್ಕೆ ನಂಗೆ ಸಂಕೋಚ.

ಕುಡಿ ಅಕ್ಕಾ. ಆರಿ ಹೋಗ್ತಿದೆ.

ಈಗ ಕೇಳು. ನವರಾತ್ರೀಲಿ ಕಾಂದಿವಲಿಗೆ, ವಾರಿಜಾ ಮನೆಗೆ ಆರತಿಗೆ ಹೋಗಿದ್ನಲ್ಲ. ನೀನು ತಲೆನೋವು ಅಂತ ಬರ್ಲಿಲ್ಲ. ಅವರ ಅಡಿಗೆಮನೆ ಬಾಗಿಲಲ್ಲಿ ನೀರು ಚೆಲ್ಲಿತ್ತು, ನಾನು ಜಾರಿ ಬಿದ್ದೆ. ಅಷ್ಟೇ. ಆದ್ರೆ ಅಲ್ಲಿದ್ದ ಹೆಂಗಸರು ಮಾಡಿದ್ದೇನು ಗೊತ್ತಾ? ಒಬ್ಬಳು ತಲೆ ಹಿಡಿದ್ಲು. ಇನ್ನೊಬ್ಬಳು "ನಾಲಿಗೆ, ನಾಲಿಗೆ ನೋಡಿ" ಅಂದ್ಲು. ವಾರಿಜಾ ಸೊಂಟದಿಂದ ಬೀಗದ ಕೈ ಗೊಂಚಲು ಕಿತ್ತು ನನ್ನ ಅಂಗೈಗೆ ಇಟ್ಟು ಬೆರಳು ಮಡಚಿ ಅದುಮಿ ಹಿಡ್ಕೊಂಡ್ರು. ಕಬ್ಬಿಣ. ಯಾರ ಕೈಗೆ ಕಬ್ಬಿಣ ಇಡ್ತಾರೆ ಅಂತ ನಿಂಗೆ ಗೊತ್ತು. "ನಾನು ಜಾರಿ ಬಿದ್ದೆ ರೀ" ಅಂದ್ರೆ, "ಹೌದು ಹೌದು, ಮಾತಾಡಬೇಡಿ, ಕಣ್ಣು ಮುಚ್ಚಿಕೊಳ್ಳಿ" ಅಂತಾರೆ. ನಂಗೆ ನಗು. ನಕ್ಕಷ್ಟೂ ಅವರು ಗಟ್ಟಿಯಾಗಿ ಅದುಮ್ತಾರೆ.

ಎಲ್ಲರೂ ಹೋದ ಮೇಲೆ ಕೇಳ್ದೆ. ಮೂರ್ಛೆ ರೋಗದೋರಿಗೆ ಮಾಡೋದನ್ನ ನಂಗ್ಯಾಕೆ ಮಾಡಿದ್ರಿ ಅಂತ. ವಾರಿಜಾ ತಬ್ಬಿಬ್ಬಾದ್ರು. "ನಿಮ್ಮ ಅಕ್ಕನೇ ಹೇಳಿದ್ದಲ್ಲವಾ ಮಾರಾಯ್ರೆ, ಶಾಮಣ್ಣನ ತಾಯಿ ನಿಮ್ಮನ್ನು ಕೇಳಿದಾಗ" ಅಂದ್ರು.

ನನ್ನನ್ನ. ಸುಬ್ಬುನ ಅಲ್ಲ, ನನ್ನನ್ನ ಕೇಳಿದ್ರಂತೆ.

ಆ ಸಂಬಂಧ ತಂದೋರೇ ವಾರಿಜಾ ಅಂತೆ, ಅದೂ ನಂಗೆ ಗೊತ್ತಿರ್ಲಿಲ್ಲ. ಅವರ ಗಂಡ ರಮಾನಾಥ ವಾಪಿಯಲ್ಲಿ ಹೋಟ್ಲು ನಡೆಸ್ತಾರಲ್ಲ, ಶಾಮಣ್ಣ ಊಟಕ್ಕೆ ಅಲ್ಲಿಗೇ ಬರ್ತಿದ್ರಂತೆ. ಬಂಗಲೆಯಿಂದ ಹೋದ ಮಾರನೇ ದಿನಾನೇ ಆ ತಾಯಿ ಹೇಳಿ ಕಳಿಸಿದ್ರಂತೆ, "ತಟ್ಟೆ ತಂದ ಹುಡುಗಿ ನಮಗೆ ಒಪ್ಪಿಗೆ. ಜಾತಕ ಗೀತಕ ಬೇಡ" ಅಂತ. ಅದಕ್ಕೆ ನೀನು ಏನಂದೆ? ವಾರಿಜಾ ಒಂದಕ್ಷರ ಬಿಡದೆ ಹೇಳಿದ್ರು. "ಅವಳಿಗೆ ಚಿಕ್ಕಂದಿನಿಂದ ಮೂರ್ಛೆ ಬರತ್ತೆ, ಅದಕ್ಕೇ ಮದುವೆ ಮಾಡಿಲ್ಲ. ನಿಮ್ಮ ಮಗನ ಬಾಳು ಹಾಳಾಗಬಾರದು, ಅದಕ್ಕೆ ಹೇಳಿದೆ, ಯಾರಿಗೂ ಹೇಳಬೇಡಿ." ಯಾರಿಗೂ ಹೇಳಬೇಡಿ ಅಂದ್ರೆ ನಮ್ಮ ಜನ ಸುಮ್ಮನಿರ್ತಾರಾ? ಅಂಧೇರಿಯಿಂದ ಕಾಂದಿವಲಿವರೆಗೂ ಎಲ್ಲರಿಗೂ ಗೊತ್ತು, ನಂಗೊಬ್ಬಳಿಗೆ ಗೊತ್ತಿಲ್ಲ. ಯಾರ ಮನೆಗೆ ಹೋದ್ರೂ "ಕೂತ್ಕೊಳ್ಳಿ, ನಿಂತಿರಬೇಡಿ, ನೀರು ಕುಡೀರಿ" ಅಂತಿದ್ರಲ್ಲ. ನಾನು ಮರ್ಯಾದೆ ಅಂದ್ಕೊಂಡಿದ್ದೆ.

ಇನ್ನೊಂದು ಕೇಳು. ಶಾಮಣ್ಣನ ತಾಯಿ ನಿನ್ನ ತುಂಬಾ ಹೊಗಳಿದ್ರಂತೆ. "ಸ್ವಂತ ತಂಗಿ ಅಂತಾನೂ ನೋಡದೆ ನಿಜ ಹೇಳಿದ್ರು, ಎಂಥಾ ದೊಡ್ಡ ಮನಸ್ಸು" ಅಂತ.

ಅಳಬೇಡ. ಅಳೋದಾದ್ರೆ ನಾನು ಅಳಬೇಕು, ನಾನೇ ಅಳ್ತಿಲ್ಲ.

ಯಾಕೆ ಮಾಡಿದೆ ಅಂತ ನಾನು ಕೇಳಲ್ಲ. ಕಾರಣ ಒಳಗೆ ಮಲಗಿದೆ. ನಾನು ಹೋಗಿದ್ರೆ ನಿಮ್ಮತ್ತೆನ ಯಾರು ನೋಡ್ಕೋತಿದ್ರು? ನೀನು ಕೆಲಸ ಬಿಡಬೇಕಿತ್ತು. ಬಾಯಿ ಬಿಟ್ಟು ಕೇಳಿದ್ರೆ ನಾನೇ ಇರ್ತಿದ್ನಲ್ಲೇ. "ವಿಮಲಾ, ಹೋಗಬೇಡ್ವೇ, ನಂಗೆ ಕೈಲಾಗಲ್ಲ" ಅಂದಿದ್ರೆ ಸಾಕಿತ್ತು, ಬರೋ ಸಂಬಂಧನ ನಾನೇ ಬೇಡ ಅಂತಿದ್ದೆ. ನೀನು ಕೇಳ್ಲಿಲ್ಲ. ನಂಗೆ ರೋಗ ಅಂಟಿಸಿದೆ. ಅದು ಸುಟ್ಟಷ್ಟು ಬೇರೇನೂ ಸುಡಲ್ಲ ಅಕ್ಕಾ. ನಿನ್ನ ಕೈಯಿಂದ ತಲೆ ಬಾಚಿಸ್ಕೊಂಡು ಬೆಳೆದೋಳು ನಾನು, ಬೇರೆ ಯಾರು ಹೀಗೆ ಮಾಡಿದ್ರೂ ತಡ್ಕೋತಿದ್ದೆ.

ನಂಗೆ ಬೇಕಾದ ಮಾತು ಅದೇ. "ಹೌದು, ಸುಳ್ಳು ಹೇಳಿದೆ." ಅಷ್ಟೇ. ಹೇಳು.

...

ಸೆರಗು ತಿರುಚೋದು ಬಿಡು. ಹೇಳು.

...

ಸರಿ. ಹಾಗಾದ್ರೆ ನಾನು ಹೇಳೋದನ್ನ ಕೇಳಿಬಿಡು. ಹೋದ ಶನಿವಾರ ದಾದರ್‌ಗೆ ಹೋಗಿ ಬರ್ತೀನಿ ಅಂದಿದ್ನಲ್ಲ, ದಾದರ್‌ಗೆ ಹೋಗಿರ್ಲಿಲ್ಲ. ಬೊರಿವಲಿಯಲ್ಲಿ ರೈಲು ಹತ್ತಿ ವಾಪಿಗೆ ಹೋದೆ. ಒಬ್ಬಳೇ. ರಮಾನಾಥರ ಹೋಟ್ಲು ಸ್ಟೇಷನ್ ಎದುರಿಗೇ ಇದೆ. ಶಾಮಣ್ಣ ಅಲ್ಲೇ ಕೂತಿದ್ರು. ನೋಡಿದ ತಕ್ಷಣ ಗುರುತು ಹಿಡಿದ್ರು. "ನಲ್ಲಿಗೆ ಕ್ಯೂ ಇಲ್ಲದ ಊರು" ಅಂದ್ರು. ನಂಗೆ ಯಾವ ರೋಗಾನೂ ಇಲ್ಲ ಅಂದೆ. ನಂಬಿದ್ರು. ಅವರು ಇನ್ನೂ ಮದುವೆ ಮಾಡ್ಕೊಂಡಿಲ್ಲ ಅಕ್ಕಾ. ತಾಯಿ ಎಷ್ಟೇ ಹೇಳಿದ್ರೂ ಒಪ್ಪಲಿಲ್ವಂತೆ. ಮತ್ತೆ ಝರಿತಳೆಗೆ ಹೋಗೋಣ, ಅಲ್ಲಿಂದ ಸೀದಾ ಅಮ್ಮನ ಹತ್ರ ಕರ್ಕೊಂಡು ಹೋಗ್ತೀನಿ ಅಂದ್ರು. ಬಂದಿದಾರೆ. ಈಗ, ಕೆಳಗೆ. ಪಾನ್ ಅಂಗಡಿ ಪಕ್ಕ ಬಿಳೀ ಫಿಯೆಟ್ ನಿಂತಿದೆಯಲ್ಲ, ಅದರಲ್ಲಿ.

ಗ್ಯಾಲರಿಯಿಂದ ಬಗ್ಗಿದ್ರೆ ಕಾಣತ್ತೆ. ಹೋಗಿ ನೋಡು.

ನೋಡು ಅಂದ್ನಲ್ಲ.

...ಯಾಕೆ ಏಳ್ತಿಲ್ಲ? ತರಕಾರಿಯೋನು ಕೂಗಿದ್ರೂ ಬಗ್ಗಿ ನೋಡೋಳು ನೀನು. ಎದುರು ಬಿಲ್ಡಿಂಗಿಗೆ ಟ್ಯಾಕ್ಸಿ ಬಂದ್ರೆ ಯಾರು ಇಳಿದ್ರು ಅಂತ ಓಡ್ತೀಯ. ನಿನ್ನ ತಂಗಿನ ಕರ್ಕೊಂಡು ಹೋಗಕ್ಕೆ ಒಬ್ಬ ಗಂಡಸು ಬಂದು ಕೆಳಗೆ ನಿಂತಿದಾನೆ ಅಂತಿದೀನಿ, ನೀನು ನೆಲ ನೋಡ್ತಾ ಕೂತಿದೀಯ. ಬೈಯ್ಯಲ್ಲ, ತಡೆಯಲ್ಲ, ಸುಳ್ಳೀ ಅಂತಾನೂ ಅನ್ನಲ್ಲ. ಬರೀ ಪಾಪ ಅನ್ನೋ ಹಾಗೆ...

ಹಾಗೆ ನೋಡಬೇಡ ನನ್ನ.

...ಹೌದು. ಕೆಳಗೆ ಯಾರೂ ಇಲ್ಲ.

ವಾಪಿಗೆ ಹೋಗಿದ್ದು ನಿಜ. ಶಾಮಣ್ಣ ಇದ್ದಿದ್ದು ಸುಳ್ಳು. ಗಲ್ಲಾದಲ್ಲಿ ಕೂತಿದ್ದೋನು ಹೇಳ್ದ, "ಅವರಿಗೆ ಮದುವೆ ಆಯ್ತಲ್ಲ ಅಮ್ಮ, ಬೆಂಗಳೂರಲ್ಲಿ. ಒಂದು ಹೆಣ್ಣು ಮಗು ಇದೆ. ಈಗ ಬರೋ ಹೊತ್ತು, ಕೂತ್ಕೊಳ್ಳಿ." ನಾನು ಕೂರ್ಲಿಲ್ಲ. ತಿರುಗಿ ರೈಲು ಹತ್ತಿದೆ. ಮನೆಗೆ ಬಂದು ಚಪಾತಿ ಲಟ್ಟಿಸಿದೆ, ನೀನು ತಿಂದೆ.

ಹೋಗ್ಲಿ. ನನ್ನ ಸುಳ್ಳು ಹಿಡಿದೆಯಲ್ಲ ನೀನು. ಹೇಗೆ ಹಿಡಿದೆ ಅಕ್ಕಾ? ಅವರಿಗೆ ಮದುವೆ ಆಗಿದೆ ಅಂತ ನಂಗೆ ಗೊತ್ತಾಗಿದ್ದೇ ಶನಿವಾರ. ವಾರಿಜಾ ನಂಗೆ ಹೇಳಿರ್ಲಿಲ್ಲ, ಬೇಜಾರಾಗತ್ತೆ ಅಂತ ಇರಬೇಕು. ನಿಂಗೆ ಯಾವಾಗ ಗೊತ್ತಾಯ್ತು?

...

ಬೆಂಗಳೂರಲ್ಲಿ ಅಂದಿದ್ದ ಆ ಗಲ್ಲಾದೋನು.

ಆ ಪಿಕ್ನಿಕ್ ಆದ ಮೇಲೆ ನೀನೂ ಭಾವನೂ ವೈಶಾಖದಲ್ಲಿ ಬೆಂಗಳೂರಿಗೆ ಹೋಗಿದ್ರಿ. ಆಫೀಸಿನೋರ ಮಗನ ಮದುವೆ ಅಂದಿದ್ದೆ. ಅಷ್ಟು ಹೊಗಳಿದೋರು ಮಗನ ಮದುವೆಗೆ ನಿನ್ನ ಕರೀದೆ ಇರ್ತಾರಾ... ಹೋಗಿದ್ದೆ ನೀನು. ಕೂತು ಉಂಡು ಬಂದೆ. ಆ ಹಸಿರು ಮೈಸೂರು ಸಿಲ್ಕ್ ಉಟ್ಕೊಂಡು. ಅದಕ್ಕೆ ಇಸ್ತ್ರಿ ಹಾಕಿದ್ದು ನಾನು. ಬರುವಾಗ ನಂಗೆ ಮದುವೆ ಮನೆ ಲಾಡು ತಂದುಕೊಟ್ಟೆ. ಚೆನ್ನಾಗಿದೆ ಅಂತ ತಿಂದೆ ನಾನು.

ಅಲ್ಲ ಅನ್ನು. ಒಂದ್ಸಲ ಅಲ್ಲ ಅಂದ್ಬಿಡು ಅಕ್ಕಾ, ಸುಳ್ಳಾದ್ರೂ ಪರವಾಗಿಲ್ಲ.

...

ಬಿಡು ಹಾಗಾದ್ರೆ.

ಇವತ್ತಿಗೆ ಕಾಂದಿವಲಿಗೆ ಹೋಗ್ತೀನಿ. ವಾರಿಜಾ ಇರು ಅಂದಿದಾರೆ. ಅಲ್ಲಿಂದ ಮುಂದೆ ಎಲ್ಲಿಗೆ ಅಂತ ನಂಗೂ ಗೊತ್ತಿಲ್ಲ. ನೀನು ಏನೂ ಹೇಳದೆ ಇದ್ರೆ ಹೊರಡ್ತೀನಿ ಅಂದಿದ್ನಲ್ಲ, ಹೇಳ್ತೀಯ ಅಂತ ನಂಬ್ಕೊಂಡೇ ಬ್ಯಾಗು ತುಂಬಿದ್ದೆ. ಕುಕ್ಕರ್‌ಗೆ ಅಕ್ಕಿ ಕೂಡ ತೊಳೆದಿಟ್ಟಿದೀನಿ.

...ನಿಮ್ಮತ್ತೆಗೆ ಎಚ್ಚರ ಆಯ್ತು. ಕೇಳಿಸ್ತಾ? "ವಿಮಲಾ, ವಿಮಲಾ" ಅಂತಿದಾರೆ. ಅವರಿಗೆ ಬರೋದೇ ಅದೊಂದು ಹೆಸರು.

ನನ್ನ ಮುಖ ಯಾಕೆ ನೋಡ್ತೀಯ? ನೀನು ಏಳು ಅಕ್ಕಾ. ಕರೀತಿದಾರೆ, ಹೋಗು.